ಒಂದೊಂದು ಮಗುವಿಗೂ ಒಂದೊಂದು ಪಾಠ: ಬೇಕಾ, ಆಗುತ್ತಾ?

ಇಬ್ಬರು ಮಕ್ಕಳ ಅಮ್ಮ:
ಮಕ್ಕಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಮುಂದಿನ ವರ್ಷದಿಂದ ಗಣಿತಕ್ಕೂ ಭಾಷೆಗೂ ಪ್ರತಿ ಮಗುವಿಗೆ ಬೇರೆ ಬೇರೆ ಪಾಠ ಅಂತ ಹೇಳಿದರು. ಮೊದಲು ಒಂದು ಪರೀಕ್ಷೆ ಇಡುತ್ತಾರೆ. ಅದನ್ನು ನೋಡಿ ಟ್ಯಾಬ್‌ನಲ್ಲಿ ಮಗುವಿಗೆ ತಕ್ಕ ಪಾಠ ಬರುತ್ತದೆ. ಮಗು ತನ್ನ ಪಾಡಿಗೆ ತಾನು ಮುಗಿಸಿಕೊಂಡು ಹೋಗಬೇಕು. ಯಾರಿಗೂ ಕಾಯಬೇಕಿಲ್ಲ, ಯಾರ ಹಿಂದೆಯೂ ಓಡಬೇಕಿಲ್ಲ.

ಕೇಳೋಕೆ ಚೆನ್ನಾಗಿದೆ. ನನ್ನ ದೊಡ್ಡವಳು ಲೆಕ್ಕ ಬೇಗ ಮುಗಿಸಿ ಪುಸ್ತಕದ ಅಂಚಿನಲ್ಲಿ ಚಿತ್ರ ಬಿಡಿಸುತ್ತಾ ಕೂರುವವಳು. ಚಿಕ್ಕವನಿಗೆ ಲೆಕ್ಕ ಬರುತ್ತದೆ, ಆದರೆ ಪ್ರಶ್ನೆ ಓದುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಇಬ್ಬರಿಗೂ ಅನುಕೂಲವೇ. ಆದರೂ ಏನೋ ಕಸಿವಿಸಿ. 35 ಮಕ್ಕಳು 35 ಪಾಠ ಓದುತ್ತಾ ಕೂತರೆ ಎಲ್ಲರೂ ಒಂದೇ ಕೋಣೆಗೆ ಯಾಕೆ ಬರಬೇಕು? ಇಲ್ಲಿ ಪಾಠ ಮಾಡುವವರು ಇದ್ದೀರಿ. ಎರಡೂ ಕಡೆ ಸರಿ ಅಂತ ಜಾರಿಕೊಳ್ಳದೆ ನಿಮಗೆ ಅನಿಸಿದ್ದನ್ನು ಹೇಳಿ.

ಸುಮ್ನೆ ಓದೋನು:
ನನಗೆ ಬರುವ ಲೆಕ್ಕ ಇಷ್ಟೇ. 40 ನಿಮಿಷದ ಪೀರಿಯಡ್, 40 ಮಕ್ಕಳು. ತಲೆಗೊಂದು ನಿಮಿಷ. ಅದರಲ್ಲಿ ಹಾಜರಿ ಕೂಗೋಕೇ ಐದು ನಿಮಿಷ. ಉಳಿದದ್ದರಲ್ಲಿ ಮಗುವಿಗೆ ತಕ್ಕ ಪಾಠ ಎಲ್ಲಿಂದ ಬಂತು ಸ್ವಾಮಿ?

ಗಣಿತದ ಮೇಷ್ಟ್ರು:
ಹಾಜರಿ ನಾನು ಕಣ್ಣಲ್ಲೇ ತಗೊಳ್ಳುತ್ತೇನೆ, ಅಷ್ಟು ಉಳಿತಾಯ.

ಮೇಡಂ, ಒಂದೇ ಕ್ಲಾಸಿನಲ್ಲಿ ಎಷ್ಟು ಅಂತರ ಇರುತ್ತದೆ ಅನ್ನೋದು ಹೊರಗಿನವರಿಗೆ ಅಂದಾಜು ಸಿಗುವುದಿಲ್ಲ. ಏಳನೇ ಕ್ಲಾಸಿನಲ್ಲಿ ಮಗ್ಗಿ ಬಾರದವರೂ ಇರುತ್ತಾರೆ, ಮನೆಯಲ್ಲೇ ಸಮೀಕರಣ ಕಲಿತು ಬಂದವರೂ ಇರುತ್ತಾರೆ. ಪಠ್ಯಪುಸ್ತಕ ಇವರಿಬ್ಬರ ನಡುವೆ ಎಲ್ಲೋ ಕೂತ ಮಗುವಿಗೆ ಬರೆದದ್ದು. ಆ ಮಗು ಎಷ್ಟೋ ಸಲ ನಮ್ಮ ಕ್ಲಾಸಿನಲ್ಲಿ ಇರುವುದೇ ಇಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಪಾಠ ಸಾಕು ಅಂತ ನಾನಂತೂ ಹೇಳಲಾರೆ.

ಆದರೆ ಮಗುವಿಗೆ ತಕ್ಕ ಪಾಠ ಅಂದರೆ ಏನು ಅಂತ ಮೊದಲು ನೋಡೋಣ. 52ರಲ್ಲಿ 27 ಕಳೆಯಬೇಕು. ಉತ್ತರ 25. ಒಬ್ಬ 35 ಬರೆದಿದ್ದಾನೆ. ಇನ್ನೊಬ್ಬಳು 79. ಮತ್ತೊಬ್ಬ 24. ಮೂರಕ್ಕೂ ಕೆಂಪು ಗೀಟು, ಮೂರಕ್ಕೂ ಸೊನ್ನೆ. ಈಗ ಹತ್ತಿರದಿಂದ ನೋಡಿ. 35 ಬರೆದವನು ಎರಡೂ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಹತ್ತರ ಸ್ಥಾನದಿಂದ ಸಾಲ ತಗೊಳ್ಳೋದು ಅವನ ತಲೆಗೆ ಇಳಿದಿಲ್ಲ. ಹತ್ತು ಕಡ್ಡಿಯ ಕಟ್ಟು ಬಿಚ್ಚಿ ಮುಂದಿಟ್ಟು ತೋರಿಸಬೇಕು. 79 ಬರೆದವಳು ಕೂಡಿಬಿಟ್ಟಿದ್ದಾಳೆ. ಚಿಹ್ನೆ ನೋಡಮ್ಮಾ ಅಂದರೆ ಮುಗಿಯಿತು. 24 ಬರೆದವನು ಬೆರಳು ಎಣಿಸುವಾಗ ಒಂದು ತಪ್ಪಿದ್ದಾನೆ, ಅವನನ್ನು ಅವನ ಪಾಡಿಗೆ ಬಿಡಬಹುದು.

ಈ ಮೂವರಿಗೂ ಇನ್ನೂ ಇಪ್ಪತ್ತು ಕಳೆಯುವ ಲೆಕ್ಕ ಕೊಟ್ಟರೆ ಮೊದಲನೆಯವನು ಇಪ್ಪತ್ತು ಸಲ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತಾನೆ. ಅವರವರ ವೇಗದಲ್ಲಿ ಮಾಡಲಿ ಅಂತ ಬಿಟ್ಟರೂ ಅಷ್ಟೇ. ನಿಧಾನವಾಗಿ ತಪ್ಪು ಮಾಡುತ್ತಾನೆ. ನನ್ನ ಪ್ರಕಾರ ಶಾಲೆಯವರು ಹೇಳುತ್ತಿರುವುದು ವೇಗದ ಮಾತು. ಬೇಕಿರುವುದು ಮಗು ಏನಂದುಕೊಂಡು ಆ ಉತ್ತರ ಬರೆಯಿತು ಅಂತ ಹುಡುಕುವ ಕೆಲಸ.

ಕೋಡ್ ಬರೆಯುವವ:
ನಾನು ಇಂಥ ಸಾಫ್ಟ್‌ವೇರ್ ಮಾಡುವ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ. ಮೇಷ್ಟ್ರೇ, ನೀವು ಹೇಳಿದ 35ರ ತಪ್ಪು ನಮ್ಮ ಲೋಕದಲ್ಲಿ ಹಳೇ ನೆಂಟ. 1978ರಲ್ಲೇ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನುವವರು ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳ ಮೇಲೆ ಬರೆದರು. ಮಕ್ಕಳ ತಪ್ಪು ಅಡ್ಡಾದಿಡ್ಡಿ ಅಲ್ಲ, ಅದಕ್ಕೂ ಒಂದು ನಿಯಮ ಇರುತ್ತದೆ, ಕಂಪ್ಯೂಟರ್ ಅದನ್ನು ಗುರುತಿಸಬಹುದು ಅಂತ ತೋರಿಸಿದರು. ಅವರ ಪ್ರೋಗ್ರಾಮಿನ ಹೆಸರೇ ‘ಬಗ್ಗಿ’, ದೋಷ ಅನ್ನುವ ಅರ್ಥದ ಇಂಗ್ಲಿಷಿನ ‘ಬಗ್’ನಿಂದ ಬಂದದ್ದು. ಚಿಕ್ಕದನ್ನು ದೊಡ್ಡದರಿಂದ ಕಳೆಯುವುದು ಆ ಪಟ್ಟಿಯಲ್ಲಿ ತುಂಬಾ ಪರಿಚಿತವಾದ ತಪ್ಪು.

ಇನ್ನು ಫಲಿತಾಂಶದ ಮಾತು. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನುವ ಸಾಫ್ಟ್‌ವೇರ್ ಇಟ್ಟುಕೊಂಡು ಶಾಲೆ ಮುಗಿದ ಮೇಲೆ ಪಾಠ ನಡೆಸಿ ಒಂದು ಅಧ್ಯಯನ ಮಾಡಿದರು. ಯಾರಿಗೆ ಸೀಟು ಅಂತ ಲಾಟರಿ ಎತ್ತಿದ್ದರಿಂದ ಹೋಲಿಕೆ ನ್ಯಾಯವಾಗಿತ್ತು. ಮುರಳೀಧರನ್, ಸಿಂಗ್, ಗನಿಮಿಯನ್ ಈ ಮೂವರು 2019ರಲ್ಲಿ ಪ್ರಕಟಿಸಿದರು. ಸುಮಾರು ನಾಲ್ಕೂವರೆ ತಿಂಗಳಲ್ಲಿ ಸೀಟು ಸಿಕ್ಕ ಮಕ್ಕಳು ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು (ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) ಮುಂದೆ ಹೋದರು. ಶಿಕ್ಷಣದ ಪ್ರಯೋಗಗಳಲ್ಲಿ ಇದು ದೊಡ್ಡ ಸಂಖ್ಯೆ. ಅಲ್ಲಿ ಆರನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ಕ್ಲಾಸಿನಷ್ಟು ಹಿಂದಿದ್ದರು. ಅಂಥವರ ಮುಂದೆ ಆರನೇ ಕ್ಲಾಸಿನ ಪುಸ್ತಕ ಓದಿದರೆ ಯಾರಿಗೆ ಉಪಯೋಗ?

ಪುಸ್ತಕದ ಹುಳ:
ಆ ಅಧ್ಯಯನ ನಾನೂ ಓದಿದ್ದೇನೆ. ನೀವು ಒಂದು ವಿಷಯ ಹೇಳಲಿಲ್ಲ. ಒಂದೂವರೆ ಗಂಟೆಯಲ್ಲಿ 45 ನಿಮಿಷ ಕಂಪ್ಯೂಟರ್, ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಕಲಿಸಲು ಒಬ್ಬರು ಇದ್ದರು. ಬರೀ ಟ್ಯಾಬ್ ಅಲ್ಲ.

ಇದು ಹೊಸ ಕಾಲದ ಆಸೆ ಅಂತ ಎಲ್ಲರೂ ಮಾತಾಡುತ್ತಾರೆ. ಹಾಗೇನಿಲ್ಲ. 1919ರಲ್ಲಿ ಅಮೆರಿಕದ ವಿನೆಟ್ಕಾ ಅನ್ನುವ ಊರಿನ ಶಾಲೆಗಳ ಹೊಣೆ ಹೊತ್ತ ಕಾರ್ಲ್‌ಟನ್ ವಾಶ್‌ಬರ್ನ್ ಇದನ್ನೇ ಶುರು ಮಾಡಿದರು. ಓದು, ಬರಹ, ಲೆಕ್ಕಕ್ಕೆ ತಾವೇ ತಿದ್ದಿಕೊಳ್ಳುವ ಅಭ್ಯಾಸ ಪುಸ್ತಕ. ಮಗು ಒಂದು ಘಟ್ಟ ಪಕ್ಕಾ ಆದ ಮೇಲೆ ಮುಂದಿನದಕ್ಕೆ. ಸುಮಾರು ಅದೇ ಹೊತ್ತಿಗೆ ಹೆಲೆನ್ ಪಾರ್ಕ್‌ಹರ್ಸ್ಟ್ ಡಾಲ್ಟನ್ ಯೋಜನೆ ತಂದರು. ಮಗುವಿಗೆ ತಿಂಗಳ ಕೆಲಸ ಒಟ್ಟಿಗೆ ಕೊಡುವುದು, ಯಾವುದನ್ನು ಯಾವಾಗ ಮಾಡಬೇಕು ಅನ್ನೋದು ಮಗುವಿನ ಲೆಕ್ಕಾಚಾರ. ಗಮನಿಸಿ, ವಿನೆಟ್ಕಾದಲ್ಲಿ ಸುಮಾರು ಅರ್ಧ ದಿನ ಮಾತ್ರ ಒಂಟಿ ಕೆಲಸ. ಉಳಿದರ್ಧ ನಾಟಕ, ಸಂಗೀತ, ಚರ್ಚೆ, ಎಲ್ಲರೂ ಸೇರಿ ಮಾಡುವಂಥದ್ದು. ಈಗಿನವರು ಮೊದಲರ್ಧ ಮಾತ್ರ ನಕಲು ಮಾಡಿಕೊಂಡರು ಅನಿಸುತ್ತದೆ.

ಇನ್ನೊಂದು, ಇಂಥ ಸಾಫ್ಟ್‌ವೇರ್ ಮಾರುವವರ ಸ್ಲೈಡುಗಳಲ್ಲೆಲ್ಲ ಬರುವ ಬೆಂಜಮಿನ್ ಬ್ಲೂಮ್ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕರ ಹೆಸರು. 1984ರ ಅವರ ಲೇಖನದ ಪ್ರಕಾರ ಸುಮಾರು 30 ಮಕ್ಕಳ ಮಾಮೂಲಿ ಕ್ಲಾಸಿಗೆ ಹೋಲಿಸಿದರೆ, ಒಬ್ಬ ಶಿಕ್ಷಕರ ಹತ್ತಿರ ಒಬ್ಬೊಬ್ಬರಾಗಿ ಹೇಳಿಸಿಕೊಂಡ ಮಕ್ಕಳು ಎರಡು ಮಾನಕ ವಿಚಲನೆಯಷ್ಟು ಮೇಲೆ. ಅಂದರೆ ಅಂಥ ಪಾಠ ಸಿಕ್ಕ ಸಾಧಾರಣ ಮಗು ಮಾಮೂಲಿ ಕ್ಲಾಸಿನ 98 ಶೇಕಡಾ ಮಕ್ಕಳನ್ನು ಹಿಂದೆ ಹಾಕುತ್ತದೆ. ಕೇಳಿದರೆ ಮೈ ಜುಮ್ ಅನ್ನುತ್ತದೆ, ಅಲ್ವಾ? ಆದರೆ ಆ ಪಾಠ ನಡೆದದ್ದು ಮೂರು ವಾರದ ಅವಧಿ, ಕಲಿಸಿದ್ದು ಸಂಭವನೀಯತೆ ಮತ್ತು ನಕಾಶೆ ವಿಷಯ. ಒಬ್ಬೊಬ್ಬರಿಗೇ ಹೇಳಿಕೊಡುವುದರ ಜೊತೆಗೆ ಮತ್ತೆ ಮತ್ತೆ ಪರೀಕ್ಷೆ ಇಟ್ಟು ತಪ್ಪು ತಿದ್ದಿಸುವುದೂ ಸೇರಿತ್ತು. ಆಮೇಲೆ 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಮನುಷ್ಯರು ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠದ ಪರಿಣಾಮ ಅದೇ ಅಳತೆಯಲ್ಲಿ ಸುಮಾರು 0.79. ಒಳ್ಳೆಯದೇ, ಆದರೆ ಎರಡು ಅಲ್ಲ.

ಕೋಡ್ ಬರೆಯುವವ:
ಅದೇ ವ್ಯಾನ್‌ಲೆನ್ ಲೇಖನದಲ್ಲಿ ಹೆಜ್ಜೆ ಹೆಜ್ಜೆಗೂ ತಿದ್ದುವ ಸಾಫ್ಟ್‌ವೇರ್‌ನ ಪರಿಣಾಮ 0.76. ಮನುಷ್ಯರಿಗೆ ಹೆಚ್ಚುಕಡಿಮೆ ಸಮ. ಅದನ್ನೂ ಹೇಳಬೇಕಿತ್ತು ನೀವು.

ಪುಸ್ತಕದ ಹುಳ:
ಸರಿ, ಒಪ್ಪಿದೆ. ಹೆಜ್ಜೆ ಹೆಜ್ಜೆಗೂ ಅನ್ನುವ ಮಾತನ್ನು ಎಲ್ಲರೂ ನೆನಪಿಡಲಿ. ಕೊನೆಯ ಉತ್ತರ ಮಾತ್ರ ನೋಡಿ ಸರಿ, ತಪ್ಪು ಅನ್ನುವ ಸಾಫ್ಟ್‌ವೇರ್‌ಗೆ ಅದೇ ಲೇಖನದಲ್ಲಿ ಸಿಕ್ಕಿದ್ದು ಅದಕ್ಕಿಂತ ತುಂಬಾ ಕಡಿಮೆ.

ಲೆಕ್ಕದ ಹುಚ್ಚಿ:
ಇಷ್ಟೆಲ್ಲ ಮಾತಾಡಿ ಬೆನ್ನಿಯ ಹೆಸರು ಯಾರೂ ಎತ್ತಲಿಲ್ಲವಲ್ಲ! ನಾನು ಗಣಿತ ಶಿಕ್ಷಣದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಈ ವಿಷಯಕ್ಕೆ ಬರುವ ಪ್ರತಿಯೊಬ್ಬರೂ ಮೊದಲು ಓದಬೇಕಾದದ್ದು ಆ ಹುಡುಗನ ಕಥೆ.

1960ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಒಂದು ಗಣಿತ ಕಾರ್ಯಕ್ರಮ ಕಟ್ಟಿದರು. ಇಂಡಿವಿಜುವಲಿ ಪ್ರಿಸ್ಕ್ರೈಬ್ಡ್ ಇನ್‌ಸ್ಟ್ರಕ್ಷನ್, ಚಿಕ್ಕದಾಗಿ ಐಪಿಐ ಅನ್ನುತ್ತಾರೆ. ಪ್ರತಿ ಮಗುವಿಗೂ ಪರೀಕ್ಷೆ, ಅದಕ್ಕೆ ತಕ್ಕ ಹಾಳೆಗಳು, ಮಗು ತಾನೇ ಮಾಡಿಕೊಂಡು ಹೋಗುವುದು, ಉತ್ತರದ ಪಟ್ಟಿ ನೋಡಿ ತಿದ್ದುವುದು, 80 ಶೇಕಡಾ ಬಂದರೆ ಮುಂದಿನ ಘಟ್ಟ. ಮೇಡಂ, ನಿಮ್ಮ ಮಕ್ಕಳ ಶಾಲೆಯ ಯೋಜನೆಯಿಂದ ಟ್ಯಾಬ್ ತೆಗೆದು ಕಾಗದ ಇಟ್ಟರೆ ಇದೇ.

ಸ್ಟ್ಯಾನ್ಲಿ ಅರ್ಲ್‌ವೆಂಗರ್ ಅನ್ನುವ ಸಂಶೋಧಕ ಈ ಪದ್ಧತಿಯಲ್ಲಿ ಓದುತ್ತಿದ್ದ, ಆರನೇ ಕ್ಲಾಸಿನ 12 ವರ್ಷದ ಒಬ್ಬ ಹುಡುಗನ ಜೊತೆ ಕೂತು ಮಾತಾಡಿದರು. ಲೇಖನ ಬಂದದ್ದು 1973ರಲ್ಲಿ. ಅದರಲ್ಲಿ ಹುಡುಗನಿಗೆ ಕೊಟ್ಟ ಹೆಸರು ಬೆನ್ನಿ. ಎರಡನೇ ಕ್ಲಾಸಿನಿಂದಲೂ ಇದೇ ಪದ್ಧತಿ. ಟೀಚರ್ ಕಣ್ಣಲ್ಲಿ ಗಣಿತದಲ್ಲಿ ಒಳ್ಳೆಯ ಹುಡುಗರಲ್ಲಿ ಒಬ್ಬ, ಘಟ್ಟಗಳನ್ನು ಬೇಗ ಬೇಗ ದಾಟಿಕೊಂಡು ಬಂದವನು. ಎರಡು ಹತ್ತಾಂಶವನ್ನು, ಅಂದರೆ 2/10 ಅನ್ನು, ದಶಮಾಂಶದಲ್ಲಿ ಬರಿ ಅಂದರೆ ಅವನ ಉತ್ತರ 1.2. ಐದು ಹತ್ತಾಂಶ ಅಂದರೆ 1.5. ಹೇಗೆ ಬಂತು ಗೊತ್ತಾ? ಮೇಲಿನದನ್ನೂ ಕೆಳಗಿನದನ್ನೂ ಕೂಡಿದ. 2ಕ್ಕೆ 10 ಸೇರಿಸಿದರೆ 12, ನಡುವೆ ಒಂದು ಚುಕ್ಕಿ. ಹಾಗಾಗಿ ಅವನ ಲೆಕ್ಕದಲ್ಲಿ 4/11 ಕೂಡ 1.5, 11/4 ಕೂಡ 1.5. ಎರಡೂ ಒಂದೇ ಅನ್ನುವುದು ಅವನಿಗೆ ಸ್ವಲ್ಪವೂ ವಿಚಿತ್ರ ಅನಿಸಲಿಲ್ಲ. 400/400 ಅಂದರೆ 8.00! 0.3ಕ್ಕೆ 0.4 ಕೂಡಿದರೆ 0.07, ಯಾಕೆಂದರೆ ಚುಕ್ಕಿಯ ಆಚೆ ಒಟ್ಟು ಎರಡು ಅಂಕಿ ಇವೆ. ತಮಾಷೆ ಏನೆಂದರೆ ಇದೇ ನಿಯಮ ಗುಣಾಕಾರಕ್ಕೆ ಹೊಂದುತ್ತದೆ. ಅಲ್ಲಿ ಅವನ ಉತ್ತರ ಸರಿ ಬರುತ್ತಿತ್ತು, ಹಾಳೆ ಪಾಸಾಗುತ್ತಿತ್ತು.

ನನ್ನನ್ನು ಜಾಸ್ತಿ ಕಾಡುವುದು ಇದಲ್ಲ. ಗಣಿತ ಅಂದರೆ ಏನು ಅಂತ ಆ ಹುಡುಗ ಅಂದುಕೊಂಡಿದ್ದು. ಒಂದೇ ಬೆಲೆಯನ್ನು ಬೇರೆ ರೂಪದಲ್ಲಿ ಬರೆದರೆ ಉತ್ತರದ ಪಟ್ಟಿಯಲ್ಲಿ ಇಲ್ಲ ಅಂತ ತಪ್ಪಾಗುತ್ತಿತ್ತು. ಅವನು ಅರ್ಧ ಅಂತ ಬರೆದ, ಪಟ್ಟಿಯಲ್ಲಿ 2/4 ಇತ್ತು, ಅಲ್ಲಿಗೆ ತಪ್ಪು. ಇದನ್ನು ನೋಡಿ ನೋಡಿ, ಗಣಿತದಲ್ಲಿ ಉತ್ತರಕ್ಕೆ ಕಾರಣ ಅಂತ ಇರುವುದಿಲ್ಲ, ಪಟ್ಟಿಯಲ್ಲಿ ಏನಿದೆ ಅಂತ ಊಹಿಸಬೇಕು ಅಷ್ಟೇ ಅನ್ನುವ ತೀರ್ಮಾನಕ್ಕೆ ಬಂದಿದ್ದ. ವರ್ಷಗಟ್ಟಲೆ ಹೀಗೆ. ಪದ್ಧತಿ ಅವನಿಗೆಂದೇ ಹೊಲಿದ ಹಾಗಿತ್ತು. ಅವನ ಜೊತೆ ಕೂತು ಇದು ಹೇಗೆ ಬಂತಪ್ಪಾ ಅಂತ ಕೇಳುವವರು ಮಾತ್ರ ಇರಲಿಲ್ಲ.

ಕೊನೇ ಬೆಂಚು:
400/400 = 8.00. ಓದಿ ನಕ್ಕೆ, ಆಮೇಲೆ ಹೊಟ್ಟೆ ಉರಿಯಿತು.

ಕೋಡ್ ಬರೆಯುವವ:
ಅದು ಕಾಗದದ ಕಾಲ. ಇವತ್ತು 1.2 ಅಂತ ಉತ್ತರ ಬಂದ ಕೂಡಲೇ ಸಾಫ್ಟ್‌ವೇರ್ ಕೂಡಿದ್ದಾನೆ ಅಂತ ಹಿಡಿಯುತ್ತದೆ. ಅರ್ಧ ಮತ್ತು 2/4 ಒಂದೇ ಅಂತಲೂ ಅದಕ್ಕೆ ಗೊತ್ತು.

ಗಣಿತದ ಮೇಷ್ಟ್ರು:
ಹಿಡಿಯಲಿ, ಸಂತೋಷ. ನೀವು ಮೊದಲೇ ಊಹಿಸಿ ಪಟ್ಟಿಗೆ ಹಾಕಿದ ತಪ್ಪನ್ನು ಹಿಡಿಯುತ್ತದೆ. ಮಕ್ಕಳು ದಿನಕ್ಕೊಂದು ಹೊಸ ತಪ್ಪು ಕಂಡುಹಿಡಿಯುತ್ತಾರೆ. ಮತ್ತೆ, ಹಿಡಿದ ಮೇಲೆ ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆ? ನಾನು ನೋಡಿದವುಗಳಲ್ಲಿ ಬಹುಪಾಲು ಎರಡು ನಿಮಿಷದ ವಿಡಿಯೋ ತೋರಿಸಿ ಅದೇ ಥರದ ಇನ್ನಷ್ಟು ಲೆಕ್ಕ ಕೊಡುತ್ತವೆ. ಮಗು ವಿಡಿಯೋ ಓಡಿಸಿ, ಉತ್ತರ ಒಂದೊಂದಾಗಿ ಒತ್ತಿ ನೋಡಿ, ಹಸಿರು ಬಂದಾಗ ಮುಂದಕ್ಕೆ ಹೋಗುತ್ತದೆ. ಮಕ್ಕಳು ನಮಗಿಂತ ಚುರುಕು.

ಹೆಸರು ಬೇಡ:
ನನ್ನ ಮಗ ವಿಷುವಲ್ ಲರ್ನರ್. ನೋಡಿ ಕಲಿಯುವವನು. ಅವನಿಗೆ ಚಿತ್ರ, ಕೇಳಿ ಕಲಿಯುವವರಿಗೆ ಆಡಿಯೋ ಅಂತ ಪಾಠ ಬೇರೆ ಮಾಡಿದರೆ ಸಾಕು ಅಲ್ವಾ? ಇಷ್ಟು ತಲೆಬಿಸಿ ಯಾಕೆ?

ಲೆಕ್ಕದ ಹುಚ್ಚಿ:
ಆ ಮಾತಿಗೆ ಆಧಾರ ತುಂಬಾ ದುರ್ಬಲ. ಪ್ಯಾಶ್ಲರ್ ಮತ್ತು ಇನ್ನು ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಇದನ್ನೇ ಪರಿಶೀಲಿಸಿದರು. ನೋಡಿ ಕಲಿಯುವವರಿಗೆ ನೋಡುವ ಪಾಠ, ಕೇಳಿ ಕಲಿಯುವವರಿಗೆ ಕೇಳುವ ಪಾಠ ಅಂತ ಹೊಂದಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನಲು ತಕ್ಕ ಪುರಾವೆ ಸಿಗಲಿಲ್ಲ. ನಕಾಶೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು, ರಾಗವನ್ನು ಎಲ್ಲರೂ ಕೇಳಿಯೇ ಕಲಿಯಬೇಕು.

ನಿಜವಾಗಿ ವ್ಯತ್ಯಾಸ ಮಾಡುವುದು ಮಗುವಿಗೆ ಈಗಾಗಲೇ ಎಷ್ಟು ಗೊತ್ತಿದೆ ಅನ್ನುವುದು. ಹೊಸದಾಗಿ ಕಲಿಯುವವರಿಗೆ ಪೂರ್ತಿ ಬಿಡಿಸಿ ತೋರಿಸಿದ ಲೆಕ್ಕ ತುಂಬಾ ಸಹಾಯ. ಅದೇ ಬಿಡಿಸಿದ ಲೆಕ್ಕವನ್ನು ಚೆನ್ನಾಗಿ ಬಲ್ಲವರ ಮುಂದಿಟ್ಟರೆ ಉಪಯೋಗ ಹೋಗಲಿ, ಅಡ್ಡಿಯೂ ಆಗಬಹುದು. ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ ಮತ್ತವರ ಜೊತೆಯವರು ಇದನ್ನು ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಪಾಠ ಬೇರೆ ಮಾಡಬೇಕು ಅಂದರೆ ಇದಕ್ಕೆ ತಕ್ಕಂತೆ ಬೇರೆ ಮಾಡಿ.

ಕಾಲೇಜು ಲೆಕ್ಚರರ್:
ನಿಮ್ಮ ನಿಮ್ಮ ವೇಗದಲ್ಲಿ ಕಲಿಯಿರಿ ಅನ್ನೋದು ನಮ್ಮ ಕಡೆ ಹೇಗೆ ಆಗುತ್ತದೆ ಅಂತ ಹೇಳುತ್ತೇನೆ. ಫ್ರೆಡ್ ಕೆಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞ 1968ರಲ್ಲಿ ಒಂದು ಪದ್ಧತಿ ಮುಂದಿಟ್ಟರು. ಕೋರ್ಸನ್ನು ಸಣ್ಣ ಘಟಕ ಮಾಡಿ, ವಿದ್ಯಾರ್ಥಿ ತಯಾರಾದಾಗ ಬಂದು ಪರೀಕ್ಷೆ ಕೊಡುವುದು. ಪಾಸಾದರೆ ಮುಂದಿನ ಘಟಕ. ತಿದ್ದಲು ಆಗಲೇ ಕಲಿತು ಮುಗಿಸಿದ ಹಿರಿಯ ವಿದ್ಯಾರ್ಥಿಗಳು. ಕಲಿಕೆ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಎಷ್ಟೋ ಜನ ನಾಳೆ, ನಾಡಿದ್ದು ಅಂತ ಮುಂದೂಡುತ್ತಾ ಕೂತರು. ನಾನೂ ಒಂದು ಕೋರ್ಸಿನಲ್ಲಿ ಗಡುವು ಇಡದೆ ನೋಡಿದೆ. ಕೊನೆಯ ವಾರ ನನ್ನ ಬಾಗಿಲ ಮುಂದೆ ಸಾಲು.

18 ದಾಟಿದವರ ಕಥೆ ಇದು. 12 ವರ್ಷದ ಮಗುವಿಗೆ ನಿನ್ನ ವೇಗ ನೀನೇ ಇಟ್ಟುಕೋ ಅಂದರೆ? ಮನೆಯಲ್ಲಿ ಹಿಂದೆ ಬಿದ್ದು ಮಾಡಿಸುವವರು ಇದ್ದರೆ ಓಡುತ್ತದೆ. ಇಲ್ಲದಿದ್ದರೆ ನಿಲ್ಲುತ್ತದೆ. ಆಮೇಲೆ ಆ ಅಂತರಕ್ಕೆ ಮಗುವಿನ ಸ್ವಂತ ವೇಗ ಅಂತ ಹೆಸರು.

ವಿಶೇಷ ಶಿಕ್ಷಕಿ:
ನಾನು ಓದಲು, ಬರೆಯಲು, ಕೇಳಲು ಕಷ್ಟ ಇರುವ ಮಕ್ಕಳ ಜೊತೆ ಕೆಲಸ ಮಾಡುವವಳು. ನನ್ನ ಮಕ್ಕಳಿಗೆ ಇದು ಬೇಕಾ ಬೇಡವಾ ಅನ್ನುವ ಚರ್ಚೆಯೇ ಅಲ್ಲ. ಪಾಠವನ್ನು ಮಗುವಿಗೆ ತಕ್ಕಂತೆ ಮಾಡದಿದ್ದರೆ ಮಗು ಶಾಲೆಯ ಹೊರಗೆ. ಅಮೆರಿಕದಲ್ಲಿ 1975ರ ಕಾನೂನು ಇದನ್ನು ಹಕ್ಕು ಮಾಡಿತು. ಅಂಗವೈಕಲ್ಯ ಇರುವ ಪ್ರತಿ ಅರ್ಹ ಮಗುವಿಗೂ ಒಂದು ಬರೆದಿಟ್ಟ ಯೋಜನೆ. ಮಗು ಈಗ ಎಲ್ಲಿದೆ, ವರ್ಷದಲ್ಲಿ ಎಲ್ಲಿಗೆ ಬರಬೇಕು, ಅದಕ್ಕೆ ಶಾಲೆ ಏನೇನು ಕೊಡುತ್ತದೆ. ಪೋಷಕರೂ ಕೂತು ಮಾಡಬೇಕು.

ಇದರಲ್ಲಿ ಎರಡು ಅಪಾಯ ಕಂಡಿದ್ದೇನೆ. ಒಂದು ಸಣ್ಣದು: ಕಾಗದದ ಕೆಲಸ ಬೆಳೆದು ಒಂದು ಮಗುವಿನ ಗುರಿಯನ್ನೇ ಇನ್ನೊಂದು ಮಗುವಿನ ಹಾಳೆಗೆ ಅಂಟಿಸುವುದು. ಹೆಸರಿಗೆ ಪ್ರತ್ಯೇಕ, ಒಳಗೆ ಎಲ್ಲಾ ಒಂದೇ. ಇನ್ನೊಂದು ದೊಡ್ಡದು. ಮಗುವಿಗೆ ತಕ್ಕಂತೆ ಅಂತ ಹೇಳುತ್ತಾ ಹೇಳುತ್ತಾ ಗುರಿಯನ್ನೇ ಕೆಳಗಿಳಿಸುವುದು.

ಮೊದಲು ಬರೆದ ಮೇಡಂ, ನಿಮ್ಮ ಚಿಕ್ಕವನ ವಿಷಯಕ್ಕೆ ಇದು ನೇರವಾಗಿ ಸಂಬಂಧ. ಅವನಿಗೆ ಲೆಕ್ಕ ಬರುತ್ತದೆ, ಓದು ನಿಧಾನ ಅಂತೀರಿ. ಪರೀಕ್ಷೆಯ ಟ್ಯಾಬ್ ಪ್ರಶ್ನೆಯನ್ನು ಅಕ್ಷರದಲ್ಲಿ ಕೊಟ್ಟು ಸಮಯ ನೋಡಿದರೆ ಅವನನ್ನು ಲೆಕ್ಕದಲ್ಲೇ ಹಿಂದೆ ಅಂತ ತೀರ್ಮಾನಿಸುತ್ತದೆ. ಆಮೇಲೆ ಎರಡು ಕ್ಲಾಸು ಕೆಳಗಿನ ಲೆಕ್ಕ ಕೊಡುತ್ತದೆ. ಅವನಿಗೆ ಬೇಕಿರುವುದು ಪ್ರಶ್ನೆಯನ್ನು ಯಾರಾದರೂ ಓದಿ ಹೇಳುವುದು, ಸ್ವಲ್ಪ ಹೆಚ್ಚು ಸಮಯ. ಲೆಕ್ಕ ಮಾತ್ರ ಎಲ್ಲರದ್ದೇ. ಓದಿನ ತೊಂದರೆಯನ್ನು ಬೇರೆಯಾಗಿ, ಅದನ್ನು ಬಲ್ಲವರ ಹತ್ತಿರ ತೋರಿಸಿ. ದಾರಿ ಬೇರೆ ಆಗಲಿ, ಹೋಗುವ ಊರು ಅದೇ ಇರಲಿ ಅಂತ ನಾನು ಪೋಷಕರಿಗೆ ಹೇಳುತ್ತಿರುತ್ತೇನೆ.

ಇಬ್ಬರು ಮಕ್ಕಳ ಅಮ್ಮ:
ಇದು ನನಗೆ ಹೊಳೆದೇ ಇರಲಿಲ್ಲ ಮೇಡಂ. ತುಂಬಾ ಥ್ಯಾಂಕ್ಸ್. ಪ್ರಶ್ನೆಯನ್ನು ಓದಿ ಹೇಳುವ ವ್ಯವಸ್ಥೆ ಆ ಪರೀಕ್ಷೆಯಲ್ಲಿ ಇದೆಯಾ ಅಂತ ಕೇಳುತ್ತೇನೆ.

ಕೊನೇ ಬೆಂಚು:
ನಾನು ಓದಿದ ಶಾಲೆಯಲ್ಲಿ ಜಾಣರ ಸೆಕ್ಷನ್, ದಡ್ಡರ ಸೆಕ್ಷನ್ ಅಂತ ಇತ್ತು. ಬಾಗಿಲ ಮೇಲೆ ಹಾಗೆ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಒಂದು ಸಲ ನಮ್ಮ ಸೆಕ್ಷನ್‌ಗೆ ಬಿದ್ದವರು ಮೇಲೆ ಹೋದದ್ದು ನಾನು ನೋಡಲಿಲ್ಲ. ಒಳ್ಳೆಯ ಮೇಷ್ಟ್ರುಗಳೆಲ್ಲ ಆ ಕಡೆ. ನಮಗೆ ನೋಟ್ಸ್ ಬರೆಸಿದರೆ ಪಾಠ ಮುಗಿಯಿತು. ಅದೂ ಮಕ್ಕಳ ಮಟ್ಟಕ್ಕೆ ತಕ್ಕ ಪಾಠ ಅಂತಲೇ ಹೇಳುತ್ತಿದ್ದರು. ಟ್ಯಾಬ್ ಬಂದರೆ ಗೋಡೆ ಕಾಣುವುದಿಲ್ಲ, ಅಷ್ಟೇ ತಾನೇ ವ್ಯತ್ಯಾಸ?

ಪುಸ್ತಕದ ಹುಳ:
ನಿಮ್ಮ ಸಿಟ್ಟು ನ್ಯಾಯವೇ. ಆದರೂ ಮಟ್ಟ ನೋಡಿ ಗುಂಪು ಮಾಡುವುದು ಯಾವಾಗಲೂ ಕೆಟ್ಟದ್ದು ಅನ್ನಲಾಗದು. ಕೀನ್ಯಾದ ಪಶ್ಚಿಮ ಭಾಗದ 121 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಆಯಿತು. ಒಂದನೇ ಕ್ಲಾಸಿಗೆ ಇನ್ನೊಬ್ಬ ಟೀಚರ್ ಕೊಟ್ಟು, ಸುಮಾರು ಅರ್ಧ ಶಾಲೆಗಳಲ್ಲಿ ಅಂಕ ನೋಡಿ ಎರಡು ಸೆಕ್ಷನ್, ಉಳಿದವುಗಳಲ್ಲಿ ಚೀಟಿ ಎತ್ತಿದ ಹಾಗೆ ಎರಡು ಸೆಕ್ಷನ್. ಎಸ್ತರ್ ಡುಫ್ಲೋ, ಪಾಸ್ಕಲಿನ್ ಡುಪಾ, ಮೈಕೆಲ್ ಕ್ರೆಮರ್ 2011ರಲ್ಲಿ ಬರೆದರು. ಅಂಕ ನೋಡಿ ಬೇರೆ ಮಾಡಿದ ಶಾಲೆಗಳಲ್ಲಿ ಮೇಲಿನವರೂ ಕೆಳಗಿನವರೂ ಇಬ್ಬರೂ ಹೆಚ್ಚು ಕಲಿತರು. ಕಾರಣ ಸರಳ. ಟೀಚರ್ ತನ್ನ ಮುಂದಿರುವ ಮಕ್ಕಳ ಮಟ್ಟಕ್ಕೆ ಪಾಠ ಇಳಿಸಲು, ಏರಿಸಲು ಸಾಧ್ಯವಾಯಿತು.

ನಿಮ್ಮ ಶಾಲೆಯಲ್ಲಿ ಕೆಳಗಿನ ಸೆಕ್ಷನ್‌ಗೆ ಪಾಠವನ್ನೇ ಮಾಡಲಿಲ್ಲ. ವ್ಯತ್ಯಾಸ ಅಲ್ಲಿದೆ ಅನಿಸುತ್ತದೆ. ನಮ್ಮ ದೇಶದಲ್ಲಿ ಮಕ್ಕಳ ಓದಿಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆ ಬೆಳೆಸಿದ ಪದ್ಧತಿಯನ್ನೂ ನೋಡಿ. ವಯಸ್ಸು ಬಿಟ್ಟು, ಅಕ್ಷರ ಬರುವವರು, ಪದ ಓದುವವರು, ಕಥೆ ಓದುವವರು ಅಂತ ಗುಂಪು. ದಿನದಲ್ಲಿ ಒಂದಿಷ್ಟು ಹೊತ್ತು ಮಾತ್ರ. ಮಗು ಮುಂದೆ ಹೋದ ಹಾಗೆ ಗುಂಪು ಬದಲು. ಕಾಯಂ ಸೆಕ್ಷನ್ ಅನ್ನೋದೇ ಇಲ್ಲ.

ಕೊನೇ ಬೆಂಚು:
ದಿನದಲ್ಲಿ ಒಂದಿಷ್ಟು ಹೊತ್ತು, ಆಮೇಲೆ ಎಲ್ಲರೂ ಒಟ್ಟಿಗೆ. ಹಾಗಾದರೆ ಸರಿ. ನಮಗೆ ಆಟದ ಪೀರಿಯಡ್ ಕೂಡ ಬೇರೆ ಇತ್ತು.

ಸುಮ್ನೆ ಓದೋನು:
ಮಗುವಿನ ಪ್ರತಿ ತಪ್ಪೂ ಯಾರದೋ ಕಂಪ್ಯೂಟರಿನಲ್ಲಿ ಉಳಿಯುತ್ತದಲ್ಲ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಕೋಡ್ ಬರೆಯುವವ:
ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ಮಕ್ಕಳ ಮಾಹಿತಿ ಒಂದೆಡೆ ಸೇರಿಸಲು ಇನ್‌ಬ್ಲೂಮ್ ಅಂತ ಸಂಸ್ಥೆ 2013ರಲ್ಲಿ ಶುರುವಾಗಿ, ಪೋಷಕರ ವಿರೋಧಕ್ಕೆ 2014ರಲ್ಲೇ ಮುಚ್ಚಿತು. ಮಾಹಿತಿ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ಮಗು ಶಾಲೆ ಬಿಟ್ಟ ಮೇಲೆ ಅಳಿಸುತ್ತಾರಾ ಅಂತ ಬರಹದಲ್ಲಿ ಕೇಳಿ.

ಗಣಿತದ ಮೇಷ್ಟ್ರು:
ಮೇಡಂ ಮೊದಲೇ ಕೇಳಿದ್ದಕ್ಕೆ ಇನ್ನೂ ಯಾರೂ ನೇರವಾಗಿ ಉತ್ತರ ಕೊಟ್ಟಿಲ್ಲ. ಎಲ್ಲರೂ ಒಂದೇ ಕೋಣೆಗೆ ಯಾಕೆ ಬರಬೇಕು? ಸ್ನೇಹ, ಶಿಸ್ತು ಅಂತೆಲ್ಲ ಹೇಳಬಹುದು. ನಾನು ಬರೀ ಲೆಕ್ಕದ ಕಡೆಯಿಂದ ಹೇಳುತ್ತೇನೆ.

ಜಪಾನಿನ ಗಣಿತದ ಕ್ಲಾಸುಗಳಲ್ಲಿ ಒಂದು ರೂಢಿ ಇದೆ. ಇಡೀ ಕ್ಲಾಸಿಗೆ ಒಂದೇ ಲೆಕ್ಕ. ಮಕ್ಕಳು ತಮಗೆ ತೋಚಿದ ಹಾಗೆ ಮಾಡುತ್ತಾರೆ. ಟೀಚರ್ ಸುಮ್ಮನೆ ಓಡಾಡುತ್ತಾ ಯಾರು ಹೇಗೆ ಮಾಡಿದ್ದಾರೆ ಅಂತ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಬೇರೆ ಬೇರೆ ದಾರಿಗಳನ್ನು ಬೋರ್ಡ್ ಮೇಲೆ ಹಾಕಿಸಿ ಎಲ್ಲರೂ ಸೇರಿ ಜಾಲಾಡುತ್ತಾರೆ. ನಾನು ಇದನ್ನು ಭಿನ್ನರಾಶಿಯಲ್ಲಿ ಮಾಡುತ್ತೇನೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿದರೆ ಎಷ್ಟು? 2/5 ಅಂತ ಹೇಳುವವರು ಇದ್ದೇ ಇರುತ್ತಾರೆ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ನಾನು ತಪ್ಪು ಅನ್ನುವುದಿಲ್ಲ. ಬೋರ್ಡ್ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಸಾರ್, 2/5 ಅಂದರೆ ಅರ್ಧಕ್ಕಿಂತ ಕಮ್ಮಿ ಅಲ್ವಾ, ಕೂಡಿದ ಮೇಲೆ ಕಮ್ಮಿ ಹೇಗಾಯಿತು ಅನ್ನುತ್ತಾರೆ. ಅಲ್ಲಿಂದ ಗಲಾಟೆ ಶುರು. ಕಾಗದದ ಪಟ್ಟಿ ಮಡಚುವವರು, ಆರು ಭಾಗ ಮಾಡಿ ನೋಡಿ ಅನ್ನುವವರು. ಬೇಗ ಮುಗಿಸಿ ಕೂತಿದ್ದವಳಿಗೆ ಈಗ ನಿಜವಾದ ಕೆಲಸ. ಉತ್ತರ ಅವಳಿಗೆ ಗೊತ್ತು, ಯಾಕೆ ಅಂತ ಪಕ್ಕದವನಿಗೆ ಒಪ್ಪಿಸಲು ಅರ್ಧ ಗಂಟೆ ಒದ್ದಾಡುತ್ತಾಳೆ.

ಅವಳಿಗೆ ಟ್ಯಾಬ್‌ನಲ್ಲಿ ಮುಂದಿನ ಅಧ್ಯಾಯ ಕೊಟ್ಟಿದ್ದರೆ ಈ ಒದ್ದಾಟ ಸಿಗುತ್ತಿರಲಿಲ್ಲ. 2/5 ಅಂದವನಿಗೆ ಒಂದು ಕೆಂಪು ಗುರುತು ಸಿಗುತ್ತಿತ್ತು. ಇಬ್ಬರಿಗೂ ಬೇಕಾದದ್ದು ಒಂದೇ ಲೆಕ್ಕದಲ್ಲಿ ಸಿಕ್ಕಿತು. ನನ್ನ ಮಟ್ಟಿಗೆ ಮಗುವಿಗೆ ತಕ್ಕ ಪಾಠ ಅಂದರೆ ಇದು. ಮಗ್ಗಿ, ಕಳೆಯುವುದು, ಓದುವ ಅಭ್ಯಾಸ ಇಂಥವಕ್ಕೆ ಟ್ಯಾಬ್ ಇರಲಿ, ಬೇರೆ ಬೇರೆ ಮಟ್ಟ ಇರಲಿ, ನಾನು ಅಡ್ಡ ಬರುವುದಿಲ್ಲ. ಹೊಸ ವಿಚಾರ ಒಳಗೆ ಇಳಿಯುವ ಹೊತ್ತಿಗೆ ಮಾತ್ರ ಎಲ್ಲರೂ ಒಟ್ಟಿಗೆ ಬೇಕು, ತಪ್ಪು ಮಾಡುವವರು ಖಂಡಿತ ಬೇಕು.

ಕಾಲೇಜು ಲೆಕ್ಚರರ್:
ಮೇಷ್ಟ್ರೇ, ಎಲ್ಲರೂ ನಿಮ್ಮ ಹಾಗೆ ಮಾಡಲಾರರು. ಪೋರ್ಷನ್ ಮುಗಿಸಬೇಕು, ಒಂದು ಲೆಕ್ಕಕ್ಕೆ ಅರ್ಧ ಗಂಟೆ ಕೊಟ್ಟರೆ ಹೆಡ್ ಮಾಸ್ಟರ್ ಬಿಡುತ್ತಾರಾ?

ಗಣಿತದ ಮೇಷ್ಟ್ರು:
ಬಿಡುವುದಿಲ್ಲ, ಬೈಯುತ್ತಾರೆ. ಆ ಅಧ್ಯಾಯದ ಆಮೇಲಿನ ನಾಲ್ಕು ಪಾಠ ಬೇಗ ಓಡುತ್ತದೆ ಅಂತ ಸಮಾಧಾನ ಮಾಡುತ್ತೇನೆ. ಪ್ರತಿ ದಿನ ಮಾಡೋಕಾಗಲ್ಲ, ಅದೂ ನಿಜ.

ಇಬ್ಬರು ಮಕ್ಕಳ ಅಮ್ಮ:
ಎಲ್ಲರ ಮಾತೂ ಓದಿದೆ. ಯೋಜನೆ ಬೇಡ ಅಂತ ಹೇಳುವುದಿಲ್ಲ. ಮಗು ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ಪಕ್ಕದಲ್ಲಿ ಬಂದು ಕೂರುವವರು ಯಾರು, ಇಡೀ ಕ್ಲಾಸ್ ಸೇರಿ ಮಾಡುವ ಲೆಕ್ಕ ವಾರದಲ್ಲಿ ಎಷ್ಟು ಸಲ, ಮಟ್ಟವನ್ನು ಮತ್ತೆ ಯಾವಾಗ ನೋಡುತ್ತೀರಿ, ಇದನ್ನೆಲ್ಲ ಕೇಳಿ ಬರುತ್ತೇನೆ. ಪಕ್ಕದಲ್ಲಿ ಯಾರೂ ಕೂರುವುದಿಲ್ಲ ಅಂದರೆ ನಾನು ಸಹಿ ಹಾಕುವುದಿಲ್ಲ.

ಲೆಕ್ಕದ ಹುಚ್ಚಿ:
ಹಸಿರು ಗುರುತು ಬಿದ್ದ ಒಂದು ಲೆಕ್ಕವನ್ನು ಮನೆಯಲ್ಲಿ ಮಗುವಿನ ಮುಂದಿಟ್ಟು, ಇದು ಹೇಗೆ ಬಂತು ಹೇಳು ಅಂತಲೂ ಕೇಳುತ್ತಿರಿ. ತಪ್ಪಾದದ್ದನ್ನು ಎಲ್ಲರೂ ಕೇಳುತ್ತಾರೆ. ಬೆನ್ನಿಯ ವಿಷಯ ಗೊತ್ತಾದದ್ದು, ಪಾಸಾದದ್ದನ್ನೂ ಒಬ್ಬರು ಕೂತು ಕೇಳಿದ್ದರಿಂದ.

ಕೋಡ್ ಬರೆಯುವವ:
ಮೇಷ್ಟ್ರೇ, ಒಂದು ಬೇಡಿಕೆ. ನಿಮ್ಮ ಹತ್ತಿರ ಮಕ್ಕಳ ತಪ್ಪು ಉತ್ತರಗಳ ಹಳೇ ಹಾಳೆ ಇದ್ದರೆ, ಹೆಸರು ತೆಗೆದು ಕೊಡುತ್ತೀರಾ? ನಮ್ಮ ಪಟ್ಟಿಯಲ್ಲಿ ಇಲ್ಲದ್ದು ಎಷ್ಟಿದೆ ನೋಡಬೇಕು.

ಗಣಿತದ ಮೇಷ್ಟ್ರು:
ಮೊದಲು ಹೆಡ್ ಮಾಸ್ಟರ್ ಹತ್ತಿರ, ಪೋಷಕರ ಹತ್ತಿರ ಕೇಳಬೇಕು. ಒಪ್ಪಿದರೆ ಕೊಡುತ್ತೇನೆ. ಪ್ರತಿಯಾಗಿ ನೀವು ಒಂದು ದಿನ ಬಂದು ಕೊನೇ ಸಾಲಿನಲ್ಲಿ ಕೂರಬೇಕು. ಲ್ಯಾಪ್‌ಟಾಪ್ ತರಬೇಡಿ.